ಕತ್ತರಿಸದ ದೃಶ್ಯ: ಅಡಿಕೆ ಮರದಿಂದ ಅಂಗಳದವರೆಗೆ

ತೀರ್ಥಹಳ್ಳಿ ಸೀಮೆಯ ಅಡಿಕೆ ಕೊಯ್ಲಿನ ಬಗ್ಗೆ ನಾನು ಮಾಡುವ ವಿಡಿಯೊಗಳಲ್ಲಿ ಹೆಚ್ಚಿನವು ಒಂದೇ ಟೇಕಿನಲ್ಲಿ, ನಡುವೆ ಎಲ್ಲಿಯೂ ಕತ್ತರಿಸದೆ ಚಿತ್ರೀಕರಿಸಿದವು. ಮೊಬೈಲಿನ ಮೇಲೆ ಬೆರಳಾಡಿಸುತ್ತ ಮುಂದೆ ಸಾಗುವ ನೋಡುಗರನ್ನು ಹಿಡಿದು ನಿಲ್ಲಿಸಬೇಕಾದರೆ ಎರಡು ಮೂರು ಸೆಕೆಂಡಿಗೊಮ್ಮೆ ಕಟ್ ಇರಲೇಬೇಕೆಂದು ಈ ಕೆಲಸದಲ್ಲಿರುವ ಹಲವರು ನಂಬುತ್ತಾರೆ. ನನ್ನ ಅನುಭವ ಬೇರೆ. ಕಣ್ಣೆದುರು ಶುರುವಾದ ಕೆಲಸ ಮುಗಿಯುವ ತನಕ ಜನ ಕಾಯುತ್ತಾರೆ. ಕತ್ತರಿಸಿದೊಡನೆ, ಎದ್ದು ಹೋಗುವುದಕ್ಕೆ ನಾವೇ ಎಡೆಮಾಡಿಕೊಟ್ಟಂತಾಗುತ್ತದೆ.

ಇದೇನೂ ಹೊಸ ಉಪಾಯವಲ್ಲ. 1895ರಲ್ಲಿ, ಸಿನಿಮಾದ ಮೊದಲಿಗರಲ್ಲಿ ಸೇರಿದ ಲ್ಯೂಮಿಯೇರ್ ಸಹೋದರರು ಪ್ಯಾರಿಸಿನಲ್ಲಿ ತೋರಿಸಿದ ಚಿತ್ರಗಳು ಸುಮಾರು 17 ಮೀಟರ್ ಉದ್ದದ ಫಿಲ್ಮ್ ಸುರುಳಿಯಲ್ಲಿ ತೆಗೆದ, 50 ಸೆಕೆಂಡಿನ ಆಸುಪಾಸಿನ ಒಂದೊಂದೇ ಶಾಟ್‌ಗಳಾಗಿದ್ದವು. ಯೂಟ್ಯೂಬ್ ಶಾರ್ಟ್ಸ್‌ನ ಮಿತಿಯೂ ಬಹುಕಾಲ 60 ಸೆಕೆಂಡೇ ಇದ್ದು, 2024ರ ಅಕ್ಟೋಬರಿನಲ್ಲಿ ಮೂರು ನಿಮಿಷಕ್ಕೆ ಏರಿತು. ಒಂದು ಕೊನೆ, ಅಂದರೆ ಅಡಿಕೆಯ ಗೊಂಚಲು, ಮರದಿಂದ ಇಳಿದು ಸುಲಿಯುವವರ ಕೈ ಸೇರುವವರೆಗಿನ ಪಯಣವನ್ನು ಇಡಿಯಾಗಿ ತೋರಿಸಲು ಆ ಮೂರು ನಿಮಿಷ ಸಾಕು.

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದು ಮೊದಲ ಮೂರು ಸೆಕೆಂಡು. ಮಲೆನಾಡೆಂದರೆ ಮಂಜು ಕವಿದ ಗುಡ್ಡದಿಂದಲೇ ಆರಂಭಿಸುವ ರೂಢಿಯಿದೆ. ಅದು ಸುಂದರವೇ ಹೌದು, ಆದರೆ ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಅದು ಹುಟ್ಟಿಸುವುದಿಲ್ಲ. ನಾನು ಕೆಳಗೆ ನಿಂತು ನೇಣು, ಅಂದರೆ ಕೊನೆ ಇಳಿಸುವ ಹಗ್ಗ, ಹಿಡಿದವರ ಮುಖದಿಂದ ಆರಂಭಿಸುತ್ತೇನೆ. ಅವರ ಕತ್ತು ಮೇಲೆತ್ತಿದೆ, ಕೈಯಲ್ಲಿನ ಹಗ್ಗ ಬಿಗಿಯಾಗಿದೆ, ಮರದ ತುದಿ ಮಾತ್ರ ಚೌಕಟ್ಟಿನೊಳಗಿಲ್ಲ. ಮೇಲಿನಿಂದ ಕೊನೆಗೌಡರ, ಅಂದರೆ ಮರವೇರಿ ಕೊನೆ ಕೊಯ್ಯುವವರ, ಕೂಗು ಕೇಳುತ್ತದೆ, ಹಗ್ಗ ನಡುಗುತ್ತದೆ, ಕೊನೆ ಸರ್ರನೆ ಜಾರಿ ಬಂದು ಕೈ ಸೇರುತ್ತದೆ. ಆಮೇಲಷ್ಟೇ ಕ್ಯಾಮರಾ ಮೇಲಕ್ಕೆ ತಿರುಗಿ, ಇಳಿಯದೆಯೇ ಪಕ್ಕದ ಮರಕ್ಕೆ ಬಾಗಿ ದಾಟುವ ಆ ಮನುಷ್ಯನನ್ನು ತೋರಿಸುತ್ತದೆ. ಇದನ್ನೇ ತುಂಡು ತುಂಡಾಗಿ ಜೋಡಿಸಿದ್ದರೆ ಆ ಎತ್ತರ ನಿಜವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನೆಲವೂ ಮರದ ತುದಿಯೂ ಒಂದೇ ಉಸಿರಿನಲ್ಲಿ ಕಂಡಾಗ ಎದೆ ಝಲ್ಲೆನ್ನುತ್ತದೆ.

ಕ್ಯಾಮರಾ ಯಾವಾಗ ಕದಲಬೇಕು ಎಂಬುದನ್ನು ನಾನು ಕಲಿತದ್ದು ನಾಟಕ ನೋಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ಎಂಬ ರಂಗಸಂಸ್ಥೆ ಇದೆ, 1980ರಿಂದ ಅಲ್ಲಿ ರಂಗಶಿಕ್ಷಣವೂ ನಡೆಯುತ್ತಿದೆ. ರಂಗದ ಮೇಲೆ ಕಟ್ ಇಲ್ಲ. ನಟನ ಚಲನೆಯೇ ನಮ್ಮ ನೋಟವನ್ನು ಇಲ್ಲಿಂದ ಅಲ್ಲಿಗೆ ಒಯ್ಯುತ್ತದೆ. ಹಾಗಾಗಿ ಯಾರಾದರೂ ಕಾರಣ ಕೊಟ್ಟಾಗ ಮಾತ್ರ ನಾನು ಹೆಜ್ಜೆ ಇಡುತ್ತೇನೆ. ಕೊನೆ ಹೊತ್ತವರು ಹೊರಟರೆ ಅವರ ಬೆನ್ನ ಹಿಂದೆ ಹೋಗುತ್ತೇನೆ. ಅಂಗಳದಲ್ಲಿ ಅವರು ಹೊರೆ ಇಳಿಸಿದಾಗ, ಅದೇ ಅಡಿಕೆಯನ್ನು ಸುಲಿಯಲು ಮೆಟ್ಟುಗತ್ತಿಗೆ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿಗೆ) ಒಡ್ಡುವ ಹೆಂಗಸರ ಕೈಗಳ ಮೇಲೆ ನಿಲ್ಲುತ್ತೇನೆ. ತಾಲೀಮನ್ನು ಕೊಯ್ಲಿಗೆ ಮೊದಲೇ ನಾನೊಬ್ಬನೇ ನಡೆದು ಮುಗಿಸುತ್ತೇನೆ: ನೀರು ಹರಿಯುವ ಕಾದಿಗೆ ಎಲ್ಲಿ, ಅದನ್ನು ದಾಟುವ ಸಂಕ ಎಲ್ಲಿ, ತಲೆಗೆ ತಾಗುವ ಅಡಿಕೆ ಸೋಗೆ ಎಲ್ಲಿ ಎಂಬುದು ಕಾಲಿಗೆ ಗೊತ್ತಿರಬೇಕು. ಚಿತ್ರಕ್ಕಾಗಿ ಇನ್ನೊಮ್ಮೆ ಮರ ಹತ್ತಿ ಎಂದು ಕೊನೆಗೌಡರನ್ನು ಎಂದೂ ಕೇಳಬಾರದು. ಅದು ಜೀವವನ್ನು ಪಣಕ್ಕಿಟ್ಟು ಮಾಡುವ ಕೆಲಸ. ಟೇಕ್ ಕೆಟ್ಟರೆ ಅವರು ತಾವಾಗಿ ಮುಂದಿನ ಕೊನೆ ಇಳಿಸುವವರೆಗೆ ನಾವೇ ಕಾಯಬೇಕು.

ತೋಟದ ನೆರಳಿನಿಂದ ಅಂಗಳದ ಬಿಸಿಲಿಗೆ ಬರುವಾಗ ಚಿತ್ರ ತಟ್ಟನೆ ಬೆಳ್ಳಗಾಗುವುದು ದೊಡ್ಡ ತೊಡಕು. ಆ ಗಡಿ ದಾಟುವ ಹೊತ್ತಿಗೆ ಹೊತ್ತವರ ಹತ್ತಿರಕ್ಕೆ ಸರಿದು, ಹಸಿರು ಕೊನೆಯೇ ಚೌಕಟ್ಟನ್ನು ತುಂಬುವಂತೆ ಮಾಡಿದರೆ ಬೆಳಕಿನ ಬದಲಾವಣೆ ಕಣ್ಣಿಗೆ ಹೊಡೆಯುವುದಿಲ್ಲ. ಫೋಕಸ್ ಮತ್ತು ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಲಾಕ್ ಆಗಿರಲಿ. ಸುಲಿಯುವ ಕೊಟ್ಟಿಗೆಯಲ್ಲಿ ಹಗಲಿನಲ್ಲೂ ಎಲ್‌ಇಡಿ ದೀಪ ಉರಿಯುತ್ತಿರುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಚಿತ್ರ ಮಿನುಗುವುದು ಬಹುಮಟ್ಟಿಗೆ ತಪ್ಪುತ್ತದೆ. ಕ್ಯಾಮರಾವನ್ನು ಸ್ಥಿರವಾಗಿ ಹಿಡಿಯುವ ಗಿಂಬಲ್ ಅಲುಗಾಟವನ್ನು ಕಡಿಮೆ ಮಾಡುತ್ತದೆಯಾದರೂ ಹೆಜ್ಜೆಯ ಏರಿಳಿತವನ್ನು ಪೂರ್ತಿ ನುಂಗುವುದಿಲ್ಲ. ಮೊಣಕಾಲು ತುಸು ಬಗ್ಗಿಸಿ, ಹಿಮ್ಮಡಿಯಿಂದ ಬೆರಳಿನತ್ತ ಪಾದ ಊರಿ ನಡೆಯುವುದು ಅಭ್ಯಾಸವಾಗಬೇಕು.

ವಿಡಿಯೊ ಹಾಕಿದ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ ನೋಡುಗರು ಎಲ್ಲಿಯವರೆಗೆ ಉಳಿದರೆಂದು ತೋರಿಸುವ ಗೆರೆಯನ್ನು ತಪ್ಪದೆ ಗಮನಿಸುತ್ತೇನೆ. ನನ್ನ ವಿಡಿಯೊಗಳಲ್ಲಿ ಅದು ಕುಸಿಯುತ್ತಿದ್ದುದು ಕೊನೆ ಇಳಿಯುವಲ್ಲಿಯೂ ಅಲ್ಲ, ಸುಲಿಯುವಲ್ಲಿಯೂ ಅಲ್ಲ. ತೋಟಕ್ಕೂ ಅಂಗಳಕ್ಕೂ ನಡುವಿನ, ಬರೀ ನಡಿಗೆಯ ದಾರಿಯಲ್ಲಿ. ಅಲ್ಲಿ ಕತ್ತರಿ ಹಾಕುವ ಆಸೆ ಸಹಜ, ಆದರೆ ಹಾಕಲಿಲ್ಲ. ಹೊರುವವರ ಒಪ್ಪಿಗೆ ಪಡೆದು ಅವರ ಅಂಗಿಗೆ ಸಣ್ಣ ಮೈಕ್ ಸಿಕ್ಕಿಸಿದೆ. ಕೊಳೆರೋಗ, ಎಲೆಚುಕ್ಕಿ, ಈ ಸಲದ ಫಸಲು ಎಂದು ದಾರಿಯುದ್ದಕ್ಕೂ ಅವರು ತಮ್ಮಷ್ಟಕ್ಕೆ ಆಡಿಕೊಳ್ಳುವ ಮಾತು ಈಗ ವಿಡಿಯೊದಲ್ಲಿ ಹಾಗೆಯೇ ಕೇಳಿಸುತ್ತದೆ, ಗೆರೆಯೂ ಅಲ್ಲಿ ಮೊದಲಿನಷ್ಟು ಇಳಿಯುತ್ತಿಲ್ಲ.