ಕೊಕ್ಕೆಹುಳ ರಕ್ತ ಅರಗಿಸಿಕೊಳ್ಳುವುದು ಹೇಗೆ?

ಹಲಸಿನ ಹಣ್ಣು ಬಿಡಿಸಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲು ಮಚ್ಚು, ಆಮೇಲೆ ಚಾಕು, ಕೊನೆಗೆ ಬೆರಳಲ್ಲೇ ತೊಳೆ ಬಿಡಿಸುವುದು, ಅಲ್ವಾ? ನಮ್ಮ ಕರುಳಿಗೆ ಕಚ್ಚಿಕೊಂಡ ಕೊಕ್ಕೆಹುಳವೂ ರಕ್ತವನ್ನು ಹೀಗೇ ಬಿಡಿಸಿ ತಿನ್ನುತ್ತದೆ. ಅದರ ಮಚ್ಚು, ಚಾಕು ಎಲ್ಲವೂ ಪ್ರೋಟಿಯೇಸ್‌ಗಳು, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳು.

ಹಂತ 1: ಒಳಗೆ ನುಗ್ಗುವುದು
ಹಸಿ ಮಣ್ಣಲ್ಲಿ ಬರಿಗಾಲಲ್ಲಿ ನಡೆದಾಗ ಮರಿಹುಳ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಕಿಣ್ವ ಬಿಟ್ಟು ಚರ್ಮದ ಪ್ರೋಟೀನ್ ಸಡಿಲ ಮಾಡಿ ಒಳಗೆ ಹೋಗುತ್ತದೆ. ಅಲ್ಲಿಂದ ರಕ್ತ, ಶ್ವಾಸಕೋಶ, ಗಂಟಲು, ಕೊನೆಗೆ ಸಣ್ಣ ಕರುಳು.

ಹಂತ 2: ಕಚ್ಚುವುದು
ಬೆಳೆದ ಹುಳ ಸುಮಾರು 1 ಸೆಂ.ಮೀ. ಅಷ್ಟೆ. ಕರುಳಿನ ಒಳಪದರವನ್ನು ಬಾಯಿಗೆ ಎಳೆದುಕೊಂಡು, ರಕ್ತ ಹೆಪ್ಪುಗಟ್ಟದ ಹಾಗೆ ಬೇರೆ ಪದಾರ್ಥವನ್ನೂ ಬಿಡುತ್ತದೆ. ನೆಕೇಟರ್ ಜಾತಿಯ ಒಂದು ಹುಳದಿಂದ ದಿನಕ್ಕೆ 0.03 ಮಿ.ಲೀ. ರಕ್ತ ಹೋದರೆ, ಆಂಕಿಲೋಸ್ಟೋಮಾದಿಂದ 0.15 ಮಿ.ಲೀ.ಗೂ ಜಾಸ್ತಿ. ಅಂಥ ನೂರು ಹುಳ ಇದ್ದರೆ ದಿನಕ್ಕೆ 15 ಮಿ.ಲೀ. ಆಯಿತು. ಮಕ್ಕಳು ಸುಮ್ನೆ ಬಿಳಿಚಿಕೊಳ್ಳುವುದಿಲ್ಲ.

ಹಂತ 3: ಅರಗಿಸುವುದು
ಅಸಲಿ ಕೆಲಸ ಇರುವುದು ಇಲ್ಲೇ. ಹುಳದ ಹೊಟ್ಟೆಯಲ್ಲಿ ರಕ್ತಕಣ ಒಡೆದು ಹಿಮೋಗ್ಲೋಬಿನ್ ಹೊರಬಂದಾಗ ಮೊದಲ ಏಟು ಹಾಕುವುದು ಎಪಿಆರ್-1 ಅನ್ನುವ ಕಿಣ್ವ, ಇದೇ ಮಚ್ಚು. ಆ ತುಂಡುಗಳನ್ನು ಸಿಸ್ಟೀನ್ ಪ್ರೋಟಿಯೇಸ್ ಇನ್ನೂ ಸಣ್ಣಗೆ ಮಾಡುತ್ತದೆ, ಅದು ಬಿಟ್ಟದ್ದನ್ನು ಮೆಟಲೋಪ್ರೋಟಿಯೇಸ್. ಸರದಿ ಮುಖ್ಯ, ಯಾಕೆಂದರೆ ಇಡೀ ಹಿಮೋಗ್ಲೋಬಿನ್ ಕೊಟ್ಟರೆ ಈ ಕೊನೆಯದಕ್ಕೆ ಕತ್ತರಿಸಲು ಬರುವುದೇ ಇಲ್ಲ. ಕೊನೆಗೆ ಉಳಿಯುವ ಅಮೈನೋ ಆಮ್ಲಗಳೇ ಊಟ.

ಹಲಸಿಗೆ ಮೇಣ ಇದ್ದ ಹಾಗೆ ಇಲ್ಲೂ ಒಂದು ಕಾಟ ಇದೆ. ಹಿಮೋಗ್ಲೋಬಿನ್ ಒಡೆದಾಗ ಹೊರಬರುವ ಹೀಮ್, ಅಂದರೆ ಅದರ ಕಬ್ಬಿಣ ಇರುವ ಭಾಗ, ಹುಳಕ್ಕೇ ವಿಷ. ನಾವು ಕೈಗೆ ಎಣ್ಣೆ ಸವರಿಕೊಳ್ಳುತ್ತೇವೆ, ಹುಳ ಜಿಎಸ್‌ಟಿ-1 ಅನ್ನುವ ಪ್ರೋಟೀನಿನಿಂದ ಹೀಮ್ ಹಿಡಿದಿಡುತ್ತದೆ. (ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ!)

ಲಸಿಕೆ ಮಾಡುವವರು ಕಣ್ಣಿಟ್ಟಿರುವುದು ಎಪಿಆರ್-1, ಜಿಎಸ್‌ಟಿ-1 ಈ ಎರಡರ ಮೇಲೇ. ಕತ್ತರಿಸಲಾಗದ ಹಾಗೆ ಬದಲಿಸಿದ ಎಪಿಆರ್-1 ಅನ್ನು ನಮಗೆ ಚುಚ್ಚಿದರೆ ರಕ್ತದಲ್ಲಿ ಪ್ರತಿಕಾಯ ಬೆಳೆಯುತ್ತದೆ, ಹುಳ ರಕ್ತದ ಜೊತೆ ಅದನ್ನೂ ಕುಡಿಯುತ್ತದೆ, ಮಚ್ಚು ಮೊಂಡಾಗುತ್ತದೆ. ನಾಯಿಗಳಲ್ಲಿ ಇದರಿಂದ ಹುಳಗಳೂ ರಕ್ತಹೀನತೆಯೂ ಕಡಿಮೆಯಾಗಿವೆ. ಮನುಷ್ಯರಲ್ಲಿ ಪರೀಕ್ಷೆ ನಡೆದಿದೆ.

ಫೆಬ್ರುವರಿ 10ರ ಜಂತುಹುಳ ನಿವಾರಣಾ ದಿನ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಗೂ ಈ ಕಿಣ್ವಗಳಿಗೂ ಸಂಬಂಧವಿಲ್ಲ. ಅದು ಹುಳ ಗ್ಲೂಕೋಸ್ ಹೀರುವುದನ್ನು ತಡೆಯುತ್ತದೆ. 2 ವರ್ಷ ದಾಟಿದ ಮಕ್ಕಳಿಗೆ 400 ಮಿ.ಗ್ರಾಂ., 1ರಿಂದ 2 ವರ್ಷದವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಲ್ಲಿ ಕಲಸಿ. ದೊಡ್ಡ ಮಕ್ಕಳು ನುಂಗುವುದಲ್ಲ, ಅಗಿಯಬೇಕು.