ಭೀಮೆಯ ಹಿನ್ನೀರಿನಲ್ಲಿ ಬೆಳಿಗ್ಗೆ ಹಕ್ಕಿ, ಆಮೇಲೆ ಗಾಳ

ಪುಣೆಯಲ್ಲಿರುವ ನಮ್ಮವರಿಗೆ ಭಿಗವಣ ಹೊಸ ಹೆಸರೇನಲ್ಲ. ಇಂಡಿ, ಅಫಜಲಪುರ, ಕಲಬುರಗಿ ಕಡೆ ಊರಿಗೆ ಹೊರಟಾಗ ಸೊಲ್ಲಾಪುರ ಹೈವೇಯಲ್ಲಿ ಸುಮಾರು 100 ಕಿಲೋಮೀಟರಿಗೆ ಸಿಗುವ ಊರು. ಎಡಗಡೆಗೆ ಉಜನಿ ಅಣೆಕಟ್ಟಿನ ಹಿನ್ನೀರು. ಅಣೆಕಟ್ಟು ಮುಗಿದದ್ದು 1980ರಲ್ಲಿ. ಅಲ್ಲಿ ನಿಂತ ನೀರು ನಮ್ಮ ಭೀಮೆಯದೇ.

ಹೋಳಿಯಿಂದ ಯುಗಾದಿವರೆಗೆ ಇಲ್ಲಿಗೆ ಬರುವವರಲ್ಲಿ ಎರಡು ಥರ. ಕೆಲವರ ಕೈಯಲ್ಲಿ ದುರ್ಬೀನು, ಕೆಲವರ ಕೈಯಲ್ಲಿ ಗಾಳ. ಈಗೀಗ ಎರಡನ್ನೂ ತರುವವರು ಜಾಸ್ತಿ. ನಾನೂ ಅವರಲ್ಲೊಬ್ಬ. ಎರಡೂ ಒಂದೇ ದಿನ ಆಗುತ್ತವೆ, ಆದರೆ ಒಂದೇ ಜಾಗದಲ್ಲಿ ಆಗಬಾರದು. ಯಾಕೆ ಅಂತ ಹೇಳುತ್ತೇನೆ.

ಮಾರ್ಚ್ ಹೊತ್ತಿಗೆ ಕಾಲುವೆಗಳಿಗೆ ಬಿಟ್ಟು ಬಿಟ್ಟು ನೀರು ಇಳಿದಿರುತ್ತದೆ. ದಂಡೆಯ ಕೆಸರು ಹೊರಗೆ ಬೀಳುತ್ತದೆ. ಆ ಕೆಸರೇ ಹಕ್ಕಿಗಳ ತಟ್ಟೆ. ಫ್ಲೆಮಿಂಗೊಗಳು ತಲೆ ಕೆಳಗೆ ಮಾಡಿ ನೀರು ಸೋಸಿ ತಿನ್ನುತ್ತವೆ. ಗದಗದ ಮಾಗಡಿ ಕೆರೆಯಲ್ಲಿ ನೋಡಿದ್ದೀರಲ್ಲ, ಅದೇ ಪಟ್ಟೆತಲೆ ಹೆಬ್ಬಾತು, ಇಲ್ಲೂ ಹಿಮಾಲಯದಾಚೆಗೆ ಹೊರಡುವ ಮುಂಚೆ ಮೈ ತುಂಬಿಸಿಕೊಳ್ಳುತ್ತದೆ. ಒಣಗಿದ ದಂಡೆಯಲ್ಲಿ, ನಡುಗಡ್ಡೆಗಳಲ್ಲಿ ಟಿಟ್ಟಿಭ, ರೀವದಂಥ (ಇಂಗ್ಲಿಷಿನ ಟರ್ನ್) ಹಕ್ಕಿಗಳು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗಾಳ ಹಾಕಲು ನಮಗೆ ಚೆನ್ನಾಗಿ ಕಾಣುವುದೂ ಅದೇ ದಂಡೆ.

ಎರಡು ವರ್ಷದ ಹಿಂದೆ ನಾನು ಹಾಗೇ ನಡೆದುಕೊಂಡು ಹೋಗುತ್ತಿದ್ದೆ. ತಲೆ ಮೇಲೆ ಟಿಟ್ಟಿಭ ಒಂದೇ ಸಮನೆ ಕೂಗುತ್ತಿತ್ತು, ನಾನು ಗಮನ ಕೊಡಲಿಲ್ಲ. ಹಿಂದಿನಿಂದ ದೋಣಿಯ ಕಾಕಾ ಕೂಗಿದರು: "ಥಾಂಬಾ! ಹಲೂ ನಕಾ!" ನಿಲ್ಲಿ, ಅಲುಗಾಡಬೇಡಿ ಅಂತ. ನಿಂತೆ. ಬಲಗಾಲಿನ ಮುಂದೆ ಒಂದು ಗೇಣು ದೂರದಲ್ಲಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ, ಚೂಪು ತುದಿಗಳು ನಾಲ್ಕೂ ಒಳಗೆ ಮುಖ ಮಾಡಿದ್ದವು. ಸುತ್ತ ನಾಲ್ಕು ಹೆಂಟೆ, ಅಷ್ಟೇ ಗೂಡು. ನಾವು ಹಿಂದೆ ಸರಿದ ಮೇಲೆ ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಕೂತಿತು. ಮೊಟ್ಟೆ ತಂಪಾಗಿಡಲು ಹಾಗೆ ಮಾಡುತ್ತದಂತೆ. ನಾವು ಅಲ್ಲೇ ಗಾಳ ಹಾಕಿ ಎರಡು ತಾಸು ಕೂತಿದ್ದರೆ ಆ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗುತ್ತಿದ್ದವು. ತುಳಿಯಬೇಕು ಅಂತೇನೂ ಇಲ್ಲ, ಹತ್ತಿರ ಕೂತರೂ ಸಾಕು. ಅಂದಿನಿಂದ ಫೆಬ್ರವರಿಯಿಂದ ಮಳೆ ಬರುವವರೆಗೆ ಬಯಲು ದಂಡೆಯಲ್ಲಿ ನಾನು ಗಾಳ ಬಿಚ್ಚುವುದಿಲ್ಲ.

ಈಗ ಇಲ್ಲಿನ ವ್ಯವಸ್ಥೆ. ನೀರು ಜಲಸಂಪದಾ ಇಲಾಖೆಯದು, ಮೀನು ಮತ್ಸ್ಯ ವ್ಯವಸಾಯ ಇಲಾಖೆಯದು, ಹಕ್ಕಿ ಅರಣ್ಯ ಇಲಾಖೆಯದು. ಮಹಾರಾಷ್ಟ್ರದ ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಸ್ಥೆಗೆ ಗುತ್ತಿಗೆ ಕೊಡುತ್ತಾರೆ, ಇಲ್ಲವೇ ಮೀನುಗಾರರಿಗೆ ಪರವಾನಗಿ ಕೊಡುತ್ತಾರೆ. ಅಂದರೆ ಆ ಮೀನಿಗೆ ಹಕ್ಕುದಾರರಿದ್ದಾರೆ. ಊರ ಕೆರೆಯಲ್ಲಿ ಚಿಕ್ಕವರಿದ್ದಾಗ ಹಾಕಿದಂತೆ ಸುಮ್ನೆ ಹೋಗಿ ಗಾಳ ಹಾಕುವಂತಿಲ್ಲ. ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ: "ದಾದಾ, ಇಥೇ ಗಳ ಟಾಕಲಾ ತರ ಚಾಲೇಲ್ ಕಾ?" ಅಂದರೆ ಅಣ್ಣಾ, ಇಲ್ಲಿ ಗಾಳ ಹಾಕಿದರೆ ನಡೆಯುತ್ತಾ ಅಂತ. ನಮ್ಮ ಗಾಳ ಮರಾಠಿಯಲ್ಲಿ ಗಳ, ಮರೆಯುವುದೇ ಇಲ್ಲ. ಯಾರ ಪರವಾನಗಿ ಬೇಕು, ಎಲ್ಲಿ ಕೂರಬಹುದು ಅಂತ ಅವರೇ ಹೇಳುತ್ತಾರೆ. ಬೇಡ ಅಂದರೆ ಅಲ್ಲಿಗೇ ಬಿಡಿ, ಅದು ಅವರ ಹೊಟ್ಟೆಪಾಡು.

ಹಕ್ಕಿಗಳ ವಿಷಯಕ್ಕೆ ಅಭಯಾರಣ್ಯದ ಬೋರ್ಡು ಇರಲೇಬೇಕೆಂದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡು ಹಕ್ಕಿಯ ಮೊಟ್ಟೆ ಒಡೆಯುವುದಷ್ಟೇ ಅಲ್ಲ, ಮೊಟ್ಟೆ ಗೂಡಿಗೆ ತೊಂದರೆ ಕೊಡುವುದೂ 'ಬೇಟೆ' ಎಂಬ ಮಾತಿನೊಳಗೇ ಬರುತ್ತದೆ.

ನಾನು ಮಾಡುವುದು ಹೀಗೆ. ಬೆಳಗಿನ ಜಾವ ನಾಲ್ಕಕ್ಕೆ ಪುಣೆ ಬಿಟ್ಟು, ಸೂರ್ಯ ಹುಟ್ಟುವ ಹೊತ್ತಿಗೆ ಕುಂಭಾರಗಾವ್ ಅಥವಾ ಡಿಕ್ಸಳ ಕಡೆ ದೋಣಿ ಹತ್ತುತ್ತೇನೆ. ದೋಣಿ ನಡೆಸುವವರು ಇಲ್ಲಿನ ಮೀನುಗಾರರೇ. ಫೋಟೋ ಸಿಗಲಿ ಅಂತ ಕೆಲವರು ಹಿಂಡಿನ ಹತ್ತಿರ ನುಗ್ಗಿಸಿ ಹಕ್ಕಿ ಎಬ್ಬಿಸುತ್ತಾರೆ. ಗಿರಾಕಿ ಕೇಳುತ್ತಾರೆ ಅಂತಲೇ ಅವರು ಹಾಗೆ ಮಾಡುವುದು. ಹತ್ತುವಾಗಲೇ "ಉಡವೂ ನಕಾ" (ಹಕ್ಕಿ ಎಬ್ಬಿಸಬೇಡಿ) ಅಂದುಬಿಡಿ, ಅವರೂ ನಿರಾಳವಾಗುತ್ತಾರೆ.

ಒಂಬತ್ತು ಗಂಟೆಗೆ ದಡ. ತಿಂಡಿ ಮುಗಿಸಿ, ಅವರು ತೋರಿಸಿದ ಕಡೆ, ಊರಿಗೆ ಹತ್ತಿರದ ಕಲ್ಲಿನ ದಂಡೆಯಲ್ಲಿ ಗಾಳ. ಸಿಗುವುದು ಜಾಸ್ತಿ ಚಿಲಾಪಿ, ಅಂದರೆ ತಿಲಾಪಿಯಾ. ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ತಂದರು. ಅದನ್ನು ನಾನು ವಾಪಸ್ ಬಿಡುವುದಿಲ್ಲ, ಅವತ್ತಿನ ಊಟಕ್ಕೆ ಅದೇ. ರೋಹು, ಕಾಟ್ಲಾ ಮರಿ ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡುತ್ತೇನೆ.

ತಂಗೂಸಿ ದಾರದ ಬಗ್ಗೆ ಮಾತ್ರ ತುಂಬಾ ಹುಷಾರಾಗಿರಿ. ತುಂಡಾದ ದಾರ ಒಂದು ಮೊಳವಾದರೂ ಬಿಡಬೇಡಿ. ನೀರುಕಾಗೆ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡರೆ ರಕ್ತ ಓಡದೆ ಕಾಲೇ ಹೋಗುತ್ತದೆ. ಸೀಸದ ಗುಂಡೂ ಬೇಡ. ಬಾತುಗಳು ಕಾಳು ಅರೆಯಲು ನುಂಗುವ ಹರಳಿನ ಜೊತೆ ಅದನ್ನೂ ನುಂಗಿ ವಿಷವೇರಿ ಸಾಯುತ್ತವೆ. ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿದರೂ ಕೆಲಸ ನಡೆಯುತ್ತದೆ.

ಅಕಸ್ಮಾತ್ ಹಕ್ಕಿ ಗಾಳಕ್ಕೆ ಸಿಕ್ಕರೆ ಗಾಬರಿಯಲ್ಲಿ ದಾರ ಕತ್ತರಿಸಿ ಬಿಡಬೇಡಿ, ದಾರ ಎಳೆದುಕೊಂಡೇ ಹಾರಿ ಎಲ್ಲೋ ಮರಕ್ಕೆ ಸಿಕ್ಕಿ ನೇತಾಡುತ್ತದೆ. ನಿಧಾನವಾಗಿ ಹತ್ತಿರ ಎಳೆದು, ತಲೆ ಮೇಲೆ ಟವೆಲ್ ಹಾಕಿ. ಕತ್ತಲಾದರೆ ಅದು ಶಾಂತವಾಗುತ್ತದೆ. ಕೊಕ್ಕಿನಿಂದ ಮುಖ ದೂರ ಇಟ್ಟುಕೊಳ್ಳಿ. ಮುಳ್ಳು ಒಳಗೆ ನಾಟಿದ್ದರೆ ಕೀಳಬೇಡಿ, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮರಾಠಿ ಸರಿಯಾಗಿ ಬರದಿದ್ದರೆ ಫೋನನ್ನು ದೋಣಿಯವರ ಕೈಗೆ ಕೊಡಿ, ಜಾಗ ಎಲ್ಲಿದೆ ಅಂತ ಅವರಷ್ಟು ಚೆನ್ನಾಗಿ ನಮಗೆ ಹೇಳಲು ಬರುವುದಿಲ್ಲ.