ಬ್ಲಾಗ್‌ನಿಂದ ಕೈಖರ್ಚಿಗೆ ದುಡ್ಡು: ಮನೆಯಲ್ಲಿರುವ ಅಮ್ಮ, ಅಪ್ಪಂದಿರಿಗೆ

ಮಕ್ಕಳು ಶಾಲೆಗೆ ಹೋದ ಮೇಲೆ ಬ್ಲಾಗ್ ಬರೆದು ಸ್ವಲ್ಪ ಸಂಪಾದಿಸಬಹುದು. ಆದರೆ ನಿಧಾನ. ಮನೆ ಬಾಡಿಗೆಗೆ ಆಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಗೂಗಲ್‌ನವರ ಬ್ಲಾಗ್ ತಾಣ ಬ್ಲಾಗರ್‌ನಲ್ಲಿ ಶುರು ಮಾಡಿ, ಅದು ಉಚಿತ. ಬರೆಯೋಕೆ ನಮ್ಮ ಕೋಲಾರದಲ್ಲಿ ಬೇಕಾದಷ್ಟಿದೆ. ಹಿತಕಿದ ಅವರೆಬೇಳೆ ಸಾರು, ಶ್ರೀನಿವಾಸಪುರದ ಮಾವು, ಮಕ್ಕಳ ಜೊತೆ ಅಂತರಗಂಗೆ ಬೆಟ್ಟ. ಅವರೆ ಚಳಿಗಾಲದ್ದು, ಜನ ಹುಡುಕುವುದೂ ಆಗಲೇ ಅಲ್ವಾ? ಕಾಯಿ ಮಾರ್ಕೆಟ್ಟಿಗೆ ಬರುವ ಮೊದಲೇ ಬರಹ ಹಾಕಿಬಿಡಿ. ಬೇರೆಯವರ ಫೋಟೊ ಎತ್ತಬೇಡಿ, ಸುಮ್ನೆ ತಲೆನೋವು.

ಜಾಹೀರಾತಿಗೆ ಗೂಗಲ್ ಆಡ್‌ಸೆನ್ಸ್ ಇದೆ. ಅದು ನಿಮ್ಮ ಬ್ಲಾಗಿನಲ್ಲಿ ಜಾಹೀರಾತು ಹಾಕಿ, ಬಂದ ಹಣದಲ್ಲಿ ನಿಮಗೂ ಪಾಲು ಕೊಡುತ್ತದೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಗೂಗಲ್‌ನಿಂದ ಅಂಚೆಯಲ್ಲಿ ಒಂದು ಪಿನ್ (ಗುಟ್ಟಿನ ಸಂಖ್ಯೆ) ಬರುತ್ತದೆ, ಅದನ್ನು ಆಡ್‌ಸೆನ್ಸ್‌ನಲ್ಲಿ ಹಾಕಬೇಕು. ಹಳ್ಳಿಯಲ್ಲಿರುವವರು ಅಂಚೆ ಕಚೇರಿಯ ಹೆಸರು, ಪಿನ್‌ಕೋಡ್ ಸರಿಯಾಗಿ ಬರೆಯಿರಿ. ಪೋಸ್ಟ್‌ಮ್ಯಾನ್ ಅಣ್ಣನಿಗೂ ಒಂದು ಮಾತು ಹೇಳಿಡಿ. ದುಡ್ಡು ಕೈಗೆ ಬರುವುದು 100 ಡಾಲರ್ ಆದ ಮೇಲೆ. ಆಡ್‌ಸೆನ್ಸ್‌ನಲ್ಲಿ ಕೊಡುವ ಹೆಸರು ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ ಇರಲಿ. ಬ್ಯಾಂಕಿನಲ್ಲಿ ಸ್ವಿಫ್ಟ್ ಕೋಡ್ (ವಿದೇಶದಿಂದ ಹಣ ಬರಲು ಬೇಕಾದ ಬ್ಯಾಂಕಿನ ಗುರುತು) ಕೇಳಿ ಇಟ್ಟುಕೊಳ್ಳಿ. ಸಣ್ಣ ಶಾಖೆಗೆ ಅದು ಇಲ್ಲದೇ ಇರಬಹುದು, ಆಗ ದೊಡ್ಡ ಶಾಖೆಯದ್ದು ಕೇಳಿ.

ನಿಮ್ಮ ಬ್ಲಾಗಿನ ಜಾಹೀರಾತನ್ನು ನೀವೇ ಒತ್ತಬೇಡಿ. ನೆಂಟರ ಕೈಯಲ್ಲೂ ಒತ್ತಿಸಬೇಡಿ. ಗೂಗಲ್‌ನವರು ನಿಮ್ಮ ಆಡ್‌ಸೆನ್ಸ್ ಖಾತೆಯನ್ನೇ ಮುಚ್ಚಿಬಿಡಬಹುದು.